ನೋಟ್‌ಬುಕ್ಕಿನಲ್ಲಿ ವಾರಕ್ಕೆ ಎರಡೇ ಪುಟ ಯಾಕೆ?

ಪಠ್ಯಪುಸ್ತಕಕ್ಕಿಂತ ಕಥೆ, ಚಿತ್ರ, ಕೈಕೆಲಸಗಳ ಮೂಲಕ ಕಲಿಸುವ ವಾಲ್ಡಾರ್ಫ್ ಶಾಲೆಗಳ ಕೆಳ ತರಗತಿಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ.

ಮಗಳು ಎರಡನೇ ತರಗತಿ. ಮೂರು ವಾರದಿಂದ ಬರೀ ಭಾಷೆ, ಗಣಿತದ ಸುದ್ದಿಯೇ ಇಲ್ಲ. ಪಠ್ಯಪುಸ್ತಕವಿಲ್ಲ, ನೋಟ್‌ಬುಕ್ಕಿನಲ್ಲಿ ವಾರಕ್ಕೆ ಎರಡು ಪುಟ. ವಾರವಿಡೀ ಏನು ಮಾಡಿಸುತ್ತಾರೆ? (ಬೆಂಗಳೂರು)

ಗಣಿತ ಸರದಿಗೆ ಕಾದಿದೆ, ಅಷ್ಟೆ. ಇಲ್ಲಿ ಒಂದು ವಿಷಯವನ್ನು ಮೂರು ನಾಲ್ಕು ವಾರ ಬಿಡದೆ ಹಿಡಿಯುತ್ತಾರೆ. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ದಿನದ ಮೊದಲ ಒಂದೂವರೆಯಿಂದ ಎರಡು ಗಂಟೆ ಅದಕ್ಕೇ ಮೀಸಲು. 1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಎಮಿಲ್ ಮೋಲ್ಟ್ ತಮ್ಮ ಕಾರ್ಖಾನೆಯ ಕೆಲಸಗಾರರ ಮಕ್ಕಳಿಗೆಂದು ಈ ಪದ್ಧತಿಯನ್ನು ರೂಪಿಸಿದ ರುಡಾಲ್ಫ್ ಸ್ಟೈನರ್ ಅವರ ನೇತೃತ್ವದಲ್ಲಿ ಮೊದಲ ಶಾಲೆ ಆರಂಭಿಸಿದಾಗಿನಿಂದಲೂ ಇದೇ ಕ್ರಮ. (ಅದು ವಾಲ್ಡಾರ್ಫ್-ಆಸ್ಟೋರಿಯಾ ಸಿಗರೇಟು ಕಾರ್ಖಾನೆ. ಶಾಲೆಗೆ ಹೆಸರು ಬಂದದ್ದು ಸಿಗರೇಟಿನಿಂದ ಎಂದರೆ ಎಷ್ಟೋ ಪೋಷಕರು ನಂಬುವುದಿಲ್ಲ.)

ಎರಡನೇ ತರಗತಿಗೆ ಪ್ರಾಣಿಗಳ ನೀತಿಕಥೆ, ಸಂತರ ಕಥೆ. ಸೋಮವಾರ ಪಾಠದ ಕೊನೆಗೆ ಟೀಚರ್ ಕಾಗೆ-ನರಿಯ ಕಥೆಯನ್ನು ಪುಸ್ತಕ ನೋಡದೆ ಹೇಳುತ್ತಾರೆ. ಪ್ರಶ್ನೆ ಕೇಳುವುದಿಲ್ಲ, ನೀತಿ ಬಿಡಿಸಿ ಹೇಳುವುದಿಲ್ಲ, ಅಲ್ಲಿಗೇ ಬಿಡುತ್ತಾರೆ. ಮಂಗಳವಾರ ಮಕ್ಕಳೇ ಅದನ್ನು ತಿರುಗಿ ಹೇಳಿ, ಚಿತ್ರ ಬಿಡಿಸುತ್ತಾರೆ. ಬುಧವಾರ ಎಲ್ಲರೂ ಸೇರಿ ಮೂರು ನಾಲ್ಕು ವಾಕ್ಯ ಕಟ್ಟಿ ಬರೆದುಕೊಳ್ಳುತ್ತಾರೆ. ನಡುವೆ ಎರಡು ರಾತ್ರಿಯ ನಿದ್ದೆ ಕಳೆಯಲೇಬೇಕು ಎಂಬುದು ಈ ಪದ್ಧತಿಯ ಲೆಕ್ಕ. ಹೀಗಿರುವಾಗ ವಾರಕ್ಕೆ ಎರಡು ಪುಟವೇ ಸರಿ. ಮೂರನ್ನೂ ಒಂದೇ ಬೆಳಿಗ್ಗೆ ತುರುಕಿದರೆ ಮಕ್ಕಳು ಹಲಗೆಯ ಮೇಲಿನದನ್ನು ನಕಲು ಮಾಡುತ್ತಾರೆ, ಕಥೆ ತಲೆಗೆ ಹೋಗಿರುವುದಿಲ್ಲ. ಹೊಸ ಟೀಚರುಗಳು ಎಡವುವುದು ಇಲ್ಲೇ.

ಗಣಿತದ ಬ್ಲಾಕ್ ಇಲ್ಲದ ದಿನಗಳಲ್ಲೂ ಬೆಳಗಿನ ಮೊದಲ 20-25 ನಿಮಿಷ ಪದ್ಯ, ಕೊಳಲಿನ ಜೊತೆಗೆ ಚಪ್ಪಾಳೆ ತಟ್ಟಿ ಮಗ್ಗಿ ಹೇಳಿಸುತ್ತಾರೆ. ಒಂದು ದಿನ ಬಣ್ಣ, ಒಂದು ದಿನ ರೇಖೆಗಳ ಅಭ್ಯಾಸ, ಎರಡು ಪೀರಿಯಡ್ ಕೈಕೆಲಸ, ಮಾತಿಗೂ ಸಂಗೀತಕ್ಕೂ ಮೈ ಕೈ ಆಡಿಸುವ ಯೂರಿದ್ಮಿ. ಯಾವ ದಿನ ಯಾವುದು ಎಂಬುದನ್ನು ಸುಮ್ಮಸುಮ್ಮನೆ ಬದಲಿಸುವುದಿಲ್ಲ. ಆದರೆ ಆರು ವಾರ ದಾಟಿದರೂ ಗಣಿತ ಬಾರದಿದ್ದರೆ ಸಂಕೋಚ ಬೇಡ, ಶಾಲೆಯಲ್ಲಿ ಕೇಳಿ.

ಒದ್ದೆ ಕಾಗದದ ಮೇಲೆ ಜಲವರ್ಣ ಹಚ್ಚುವುದನ್ನು ಮನೆಯಲ್ಲಿ ಮಾಡಿಸಿದರೆ ಎಲ್ಲವೂ ಕೆಸರು ಬಣ್ಣವಾಗುತ್ತದೆ. (ಹುಬ್ಬಳ್ಳಿ)

ಮೊದಲ ಅನುಮಾನ ಕಾಗದದ ಮೇಲೆ. ಅಂಗಡಿಯ ಮಾಮೂಲಿ ಡ್ರಾಯಿಂಗ್ ಶೀಟ್ ನೆನೆದರೆ ಹಿಂಜಿಕೊಳ್ಳುತ್ತದೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದ ತನ್ನಿ. ಟಬ್ಬಿನಲ್ಲಿ 5-10 ನಿಮಿಷ ಮುಳುಗಿಸಿ, ಮೂಲೆ ಹಿಡಿದೆತ್ತಿ ನೀರು ಸೋರಲು ಬಿಡಿ, ಹಲಗೆಯ ಮೇಲೆ ಹಾಸಿ ಸ್ಪಂಜಿನಿಂದ ನಡುವಿನಿಂದ ಅಂಚಿಗೆ ಒರೆಸಿ. ಕಾಗದ ಮಿನುಗಬೇಕು, ನೀರು ನಿಂತಿರಬಾರದು. ಫ್ಯಾನ್ ಆರಿಸಿ; ಬೇಸಿಗೆಯಲ್ಲಿ ಅರ್ಧ ಚಿತ್ರಕ್ಕೇ ಒಣಗಿ ಕಲೆ ಕಟ್ಟುತ್ತದೆ.

ಟ್ಯೂಬ್ ಬಣ್ಣ 1 ಭಾಗಕ್ಕೆ ಸುಮಾರು 10 ಭಾಗ ನೀರು ಬೆರೆಸಿ ಪುಟ್ಟ ಜಾಡಿಗಳಲ್ಲಿಡಿ. ಒಂದಿಂಚಿನ ಚಪ್ಪಟೆ ಬ್ರಷ್ಷು ಸಾಕು. ಮೊದಲ ವಾರಗಳಲ್ಲಿ ಹಳದಿ ಒಂದೇ, ಆಮೇಲೆ ಹಳದಿ-ನೀಲಿ. ಹಳದಿ, ನೀಲಿ, ಕೆಂಪು ಮೂರನ್ನೂ ಒಂದೇ ಸಲ ಕೊಟ್ಟರೆ ಏಳು ವರ್ಷದ ಕೈ ಅವನ್ನು ಒಂದರ ಮೇಲೊಂದು ಎಳೆದೇ ಎಳೆಯುತ್ತದೆ, ಮೂರೂ ಕಲೆತರೆ ಕಂದುಬೂದು ಖಚಿತ. ನೀಲಿಯನ್ನೂ ನೋಡಿ ಆರಿಸಿ: ನಿಂಬೆ ಹಳದಿಗೆ ಪ್ರಷ್ಯನ್ ನೀಲಿ ಸೇರಿದರೆ ಎಳೆ ಚಿಗುರಿನ ಹಸಿರು, ಚಿನ್ನದ ಹಳದಿಗೆ ಅಲ್ಟ್ರಾಮರೀನ್ ಸೇರಿದರೆ ಮಂಕು ಹಸಿರು. ಬಣ್ಣ ಬದಲಿಸುವ ಮುನ್ನ ಬ್ರಷ್ಷು ತೊಳೆದು ಬಟ್ಟೆಗೆ ಒತ್ತಿಸಿ. ಮಕ್ಕಳು ಮರೆಯುವುದು ಒತ್ತುವುದನ್ನೇ. ಹದಿನೈದು ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿ. ಇನ್ನೂ ಉಜ್ಜಿದರೆ ಕಾಗದದ ನಾರು ಎದ್ದು ಬರುತ್ತದೆ. ಹಲಗೆಯ ಮೇಲೇ ರಾತ್ರಿಯಿಡೀ ಒಣಗಲಿ.

ಮಗ ಉಲ್ಲನ್ ಹೆಣಿಗೆಯನ್ನು 12 ಕುಣಿಕೆಯಲ್ಲಿ ಶುರುಮಾಡಿದ, ಈಗ 19 ಇವೆ! ಒಂದನೇ ತರಗತಿಗೆ ಇದು ಬೇಕಾ? (ಮೈಸೂರು)

ಬೇಕಾದದ್ದೇ. ಎರಡೂ ಕೈ, ಕಣ್ಣು, ಎಣಿಕೆ ಒಟ್ಟಿಗೆ ಕೆಲಸ ಮಾಡುವ ಇಂಥ ಇನ್ನೊಂದು ಕೆಲಸ ಆ ವಯಸ್ಸಿಗೆ ಕಾಣೆ.

ಕುಣಿಕೆ ಹೆಚ್ಚುವುದು ಬಹುಪಾಲು ಸಾಲಿನ ಮೊದಲ ಕುಣಿಕೆಯಲ್ಲಿ. ಕಡ್ಡಿ ತಿರುಗಿಸಿದಾಗ ನೂಲು ಮೇಲಿನಿಂದ ಹಿಂದಕ್ಕೆ ಹೋದರೆ ಆ ಕುಣಿಕೆಯ ಎರಡು ಕಾಲುಗಳೂ ಮೇಲೆದ್ದು ಎರಡು ಕುಣಿಕೆಯಂತೆ ಕಾಣುತ್ತವೆ, ಮಗು ಎರಡನ್ನೂ ಹೆಣೆದುಬಿಡುತ್ತದೆ. ನೂಲನ್ನು ಕಡ್ಡಿಯ ಕೆಳಗಿನಿಂದಲೇ ಹಿಂದಕ್ಕೆ ತರಿಸಿ. ನಡುವೆ ತೂತು ಕಂಡರೆ ಅದು ಬೇರೆ ತಪ್ಪು: ನೂಲು ಮುಂದೆ ಉಳಿದು ಕಡ್ಡಿಯ ಮೇಲೆ ಸುತ್ತಿದೆ. 5 ಮಿ.ಮೀ. ಬಿದಿರು ಕಡ್ಡಿ ಒಳ್ಳೆಯದು, ಲೋಹದ ಕಡ್ಡಿಯಿಂದ ಕುಣಿಕೆ ಜಾರುತ್ತದೆ. ಹತ್ತಿ ನೂಲು ಹಿಗ್ಗುವುದಿಲ್ಲ, ಕಲಿಯುವವರಿಗೆ ಬೇಡ. ಪ್ರತಿ ಸಾಲಿಗೂ ಅವನೇ ಎಣಿಸಲಿ, ನೀವು ಬಿಚ್ಚಬೇಡಿ.

ಇಂಗ್ಲಿಷ್‌ನಲ್ಲಿ ಅಕ್ಷರವನ್ನು ಚಿತ್ರದಿಂದ ಹುಟ್ಟಿಸುತ್ತಾರಂತೆ. ಕನ್ನಡಕ್ಕೆ ಆಗುತ್ತದೆಯೇ? (ಶಿವಮೊಗ್ಗ, ಶಿಕ್ಷಕಿ)

ಕೆಲವಕ್ಕೆ ಚೆನ್ನಾಗಿ ಆಗುತ್ತದೆ. ‘ಗ’ ನೋಡಿ, ಗವಿಯ ಬಾಯಿಯೇ. ‘ರ’ ರಥದ ಗಾಲಿ. ಎಲ್ಲ 49ಕ್ಕೂ ಚಿತ್ರ ಹುಡುಕಹೊರಟರೆ ಎಳೆದು ತಂದ ಕಥೆಗಳೇ ಆಗುತ್ತವೆ. ಹತ್ತಿಪ್ಪತ್ತು ಸಾಕು, ಉಳಿದದ್ದು ಆಕಾರದ ನೆಂಟಸ್ತಿಕೆಯಿಂದ ಬರಲಿ: ‘ದ’ ಕೂತ ಮೇಲೆ ‘ಧ’, ‘ಥ’ಗಳಿಗೆ ಹೊಸ ಕಥೆ ಯಾಕೆ? ಬರೆಯುವ ಮುನ್ನ ನೆಲದ ಮೇಲೆ ಅಕ್ಷರವನ್ನು ದೊಡ್ಡದಾಗಿ ಬರೆದು ಅದರ ಮೇಲೆ ನಡೆಸಿ. ಗಾಳಿಯಲ್ಲಿ ಬರೆದು ತೋರಿಸುವಾಗ ಮಕ್ಕಳಿಗೆ ಬೆನ್ನು ಮಾಡಿ ನಿಲ್ಲಿ, ಎದುರು ನಿಂತರೆ ಅವರಿಗೆ ಉಲ್ಟಾ ಕಾಣುತ್ತದೆ.

ಮಗ್ಗಿಯಲ್ಲಿ ನಕ್ಷತ್ರ ಬರುತ್ತದೆ ಎನ್ನುತ್ತಾಳೆ ಮಗಳು. ಹೇಗೆ? (ಉಡುಪಿ)

ಹಲಗೆಯ ಮೇಲೆ ವೃತ್ತ, ಅದರ ಸುತ್ತ 36 ಡಿಗ್ರಿಗೊಂದರಂತೆ ಹತ್ತು ಮೊಳೆ, 0ಯಿಂದ 9. ಮಗ್ಗಿ ಹೇಳುತ್ತಾ ಬಿಡಿ ಸ್ಥಾನದ ಅಂಕಿಯ ಮೊಳೆಗೆ ದಾರ ಸುತ್ತಿ, 0ಯಿಂದಲೇ ಹೊರಡಿ. ನಾಲ್ಕೊಂದ್ಲ ನಾಲ್ಕು, ನಾಲ್ಕೆರಡ್ಲ ಎಂಟು, ನಾಲ್ಮೂರ್ಲ ಹನ್ನೆರಡಕ್ಕೆ 2, ಹದಿನಾರಕ್ಕೆ 6, ಇಪ್ಪತ್ತಕ್ಕೆ ಮತ್ತೆ 0: ಐದು ಮೊನೆಯ ನಕ್ಷತ್ರ. ಮೂರರ ಮಗ್ಗಿಗೆ ಹತ್ತು ಮೊನೆ. ಐದರದ್ದಕ್ಕೆ ಒಂದೇ ಗೆರೆ, ಅತ್ತ ಇತ್ತ. ಆಮೇಲೆ ಆರರ ಮಗ್ಗಿ ಸುತ್ತಿಸಿ. ನಾಲ್ಕರ ನಕ್ಷತ್ರವೇ ಹಿಂದುಮುಂದಾಗಿ ಬರುತ್ತದೆ. ಯಾಕೆಂದು ನೀವು ಹೇಳಬೇಡಿ, ಅವಳೇ ಹೇಳಲಿ.