ಮಳೆಗಾಲದಲ್ಲಿ ಒದ್ದೆಯಾದ ಮಾಸ್ಕನ್ನು ಹಾಗೇ ಹಾಕಿಕೊಳ್ಳಬಹುದೇ? ಒಗೆದು ಮತ್ತೆ ಬಳಸಬಹುದೇ?

ಒದ್ದೆ ಮಾಸ್ಕ್ ಹಾಕಬೇಡಿ. ನೂಲಿನ ನಡುವೆ ನೀರು ತುಂಬಿಕೊಂಡರೆ ಉಸಿರು ಬಟ್ಟೆಯ ಮೂಲಕ ಸರಿಯಾಗಿ ಹೋಗುವುದಿಲ್ಲ, ಕೆನ್ನೆಯ ಪಕ್ಕದ ಸಂದಿನಿಂದ ನುಗ್ಗುತ್ತದೆ. ಉಸಿರು ಕಟ್ಟಿದ ಹಾಗಾಗಿ ನಾವೇ ಅದನ್ನು ಮೂಗಿನಿಂದ ಕೆಳಗೆ ಎಳೆದುಬಿಡುತ್ತೇವೆ, ಅಲ್ವಾ?

ಕೋವಿಡ್ ಕಾಲದಲ್ಲಿ ನಾನು ಕುಂಬಳೆಯಿಂದ ಕಾಸರಗೋಡಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಮಳೆ ಬಂದ ಕೂಡಲೇ ಎಲ್ಲರೂ ಶಟರ್ ಇಳಿಸುತ್ತಿದ್ದರು. ಗಾಳಿಯೇ ಆಡದ ಆ ಹೊತ್ತಿನಲ್ಲೇ ಮಾಸ್ಕ್ ಜಾಸ್ತಿ ಬೇಕಾಗುವುದು. ಅದಕ್ಕೇ ಚೀಲದಲ್ಲಿ ಒಣಗಿದ್ದು ಎರಡು ಇಟ್ಟುಕೊಳ್ಳುತ್ತಿದ್ದೆ. ಒದ್ದೆಯಾದದ್ದನ್ನು ಇಡಲು ಬೇರೆ ಪ್ಲಾಸ್ಟಿಕ್ ತೊಟ್ಟೆ ಇರುತ್ತಿತ್ತು.

ಬಟ್ಟೆಯ ಮಾಸ್ಕನ್ನು ಸೋಪು ಹಾಕಿ ಒಗೆಯಿರಿ. ಆಟಿ ತಿಂಗಳಲ್ಲಿ ಬಿಸಿಲು ಎಲ್ಲಿ? ಅಮ್ಮ ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ನೇತುಹಾಕುತ್ತಿದ್ದರು. ಸ್ವಲ್ಪ ಹೊಗೆ ವಾಸನೆ ಬರುತ್ತಿತ್ತು, ಆದರೆ ಗರಿಗರಿಯಾಗಿ ಒಣಗುತ್ತಿತ್ತು. ನೀಲಿ ಸರ್ಜಿಕಲ್ ಮಾಸ್ಕ್ ಒದ್ದೆಯಾದರೆ ಎಸೆಯುವುದೇ.

ಎನ್95 ಮಾತ್ರ ಒಗೆಯಲೇಬೇಡಿ. ಅದರ ಒಳಪದರದ ಎಳೆಗಳಲ್ಲಿ ಸ್ಥಿರ ವಿದ್ಯುತ್ ಇರುತ್ತದೆ. ಬಾಚಣಿಗೆಯನ್ನು ತಲೆಗೆ ಉಜ್ಜಿದರೆ ಕಾಗದದ ಚೂರು ಬಂದು ಅಂಟುತ್ತದಲ್ಲ, ಹಾಗೇ ಈ ಎಳೆಗಳು ಸಣ್ಣ ಕಣಗಳನ್ನು ಎಳೆದು ಹಿಡಿಯುತ್ತವೆ. ಸೋಪು ನೀರು ತಾಗಿದರೆ ಆ ಶಕ್ತಿ ಇಳಿದುಹೋಗುತ್ತದೆ. ನೋಡಲು ಹೊಸದರಂತೆಯೇ ಇರುತ್ತದೆ, ಆದರೆ 0.3 ಮೈಕ್ರಾನ್ ಕಣಗಳಲ್ಲಿ ಶೇ. 95ರಷ್ಟನ್ನು ತಡೆಯುವ ಗುಣ ಉಳಿಯುವುದಿಲ್ಲ. ಮನೆಯ ಹಿರಿಯರಿಗೆ ಇದನ್ನು ದಯವಿಟ್ಟು ಹೇಳಿಕೊಡಿ. ನಮ್ಮ ಅಜ್ಜಿ ಎರಡು ಸಲ ಒಗೆದು, ಮಡಚಿ, ನನ್ನ ಚೀಲದಲ್ಲೇ ಇಟ್ಟಿದ್ದರು.