ಗಡುವು ಮೀರಿದ ಟೈಮರ್: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ,

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಟೈಮರ್‌ಗಳ ಕುರಿತ ನಿಮ್ಮ ಲೇಖನ ಓದಿದೆವು. ಭಾಷೆ ತಿಳಿಯಾಗಿದೆ, ಆದರೆ ಈಗಿರುವಂತೆ ಪ್ರಕಟಿಸಲಾಗದು. 'ಗಡುವು ಆಗಲೇ ಮುಗಿದಿದ್ದರೆ ಕರ್ನಲ್ ಆ ಟೈಮರನ್ನು ಕೈಬಿಡುತ್ತದೆ' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅದು ತಪ್ಪು. ಲೇಖನದ ಜೀವಾಳ ಇರಬೇಕಾದದ್ದೂ ಅಲ್ಲೇ.

ಸಾಮಾನ್ಯ ಟೈಮರ್ ಆದರೆ, ಟೈಮರ್‌ಗಳನ್ನು ಗಡುವಿನ ಪ್ರಕಾರ ಬಕೆಟ್‌ಗಳಲ್ಲಿ ಗುಂಪು ಮಾಡಿಡುವ ಟೈಮರ್ ವೀಲ್‌ನಲ್ಲಿ ಮುಂದೆ ನೋಡಬೇಕಾದ ಬಕೆಟ್‌ಗೇ ಅದು ಸೇರುತ್ತದೆ. ಮುಂದಿನ ಟಿಕ್ (ಗಡಿಯಾರದ ನಿಯತ ಮಿಡಿತ) ಬಂದಾಗ ಸಾಫ್ಟ್‌ಐಆರ್‌ಕ್ಯೂ (ಕೆಲಸಗಳನ್ನು ತುಸು ಮುಂದೂಡಿ ಮಾಡುವ ಕರ್ನಲ್ ವ್ಯವಸ್ಥೆ) ಕಾಲ್‌ಬ್ಯಾಕನ್ನು, ಅಂದರೆ ಗಡುವು ಮುಗಿದಾಗ ಓಡಬೇಕಾದ ಫಂಕ್ಷನ್ನನ್ನು, ಕರೆಯುತ್ತದೆ. ಟೈಮರ್ ಸೇರಿಸುವಾಗಲೇ ಏಕೆ ಕರೆಯಬಾರದು? ಸೇರಿಸುತ್ತಿರುವ ಕೋಡ್ ಸ್ಪಿನ್‌ಲಾಕ್ (ಸಿಗುವವರೆಗೆ ಬೇರೆಯವರನ್ನು ಕಾಯಿಸುವ ಬೀಗ) ಹಿಡಿದಿರಬಹುದು. ಕಾಲ್‌ಬ್ಯಾಕ್ ಕೂಡ ಅದೇ ಲಾಕ್ ಕೇಳಿದರೆ ಡೆಡ್‌ಲಾಕ್: ಯಾವುದೂ ಮುಂದೆ ಸಾಗದು. ಈ ಕಾರಣ ಹೇಳದೆ ವಿನ್ಯಾಸ ಯಾರಿಗೂ ಅರ್ಥವಾಗದು.

ಹೈ-ರೆಸಲ್ಯೂಷನ್ ಟೈಮರ್‌ನಲ್ಲಿ ತೊಡಕು ಹಾರ್ಡ್‌ವೇರ್‌ನದು. ಪಿಸಿಗಳ ಟೈಮರ್ ಹಾರ್ಡ್‌ವೇರ್ ಆದ ಎಚ್‌ಪಿಇಟಿಯನ್ನೇ ನೋಡಿ. ಅದರ ಕೌಂಟರ್ ಕಂಪೇರೇಟರ್‌ಗೆ (ಗಡುವಿನ ಸಂಖ್ಯೆ ಬರೆದಿಡುವ ಜಾಗ) ಸಮವಾದಾಗ ಇಂಟರಪ್ಟ್ (ಪ್ರೊಸೆಸರಿಗೆ ಹಾರ್ಡ್‌ವೇರ್ ಕೊಡುವ ಸೂಚನೆ) ಬರುತ್ತದೆ. ಕೌಂಟರ್ ಆಗಲೇ ಆ ಸಂಖ್ಯೆ ದಾಟಿದ್ದರೆ ಬರುವುದಿಲ್ಲ. ದಾಟಿಹೋದ ಸಂಖ್ಯೆ ಬರೆದಿರೋ, 14.318 ಮೆಗಾಹರ್ಟ್ಸ್‌ನ 32 ಬಿಟ್ ಕೌಂಟರ್ ಒಂದು ಸುತ್ತು ಮುಗಿಸುವವರೆಗೆ ಕಾಯಬೇಕು: ಸುಮಾರು 300 ಸೆಕೆಂಡ್! ಅದಕ್ಕೇ ಡ್ರೈವರ್ ಸಂಖ್ಯೆ ಬರೆದ ಮೇಲೆ ಕೌಂಟರನ್ನು ಮತ್ತೊಮ್ಮೆ ಓದುತ್ತದೆ. ಅಂತರ ತೀರಾ ಕಡಿಮೆಯಿದ್ದರೆ 'ಇಟೈಮ್' (ಸಮಯ ಮೀರಿತು) ಎಂಬ ಎರರ್ ಕೊಡುತ್ತದೆ. ಹೊಸ ಟೈಮರ್ ಹಾಕುವಾಗ ಹೀಗಾದರೆ ಕರ್ನಲ್ ಈ ಕ್ಷಣಕ್ಕೆ ಕನಿಷ್ಠ ಅಂತರ ಕೂಡಿಸಿ ಪುನಃ ಬರೆಯುತ್ತದೆ. ಈ ಭಾಗಕ್ಕೆ ಒಂದು ಪುಟವನ್ನಾದರೂ ಕೊಡಿ. ಗಡಿಯಾರಗಳ ಇತಿಹಾಸದ ಪೀಠಿಕೆ ತೆಗೆದರೆ ಜಾಗ ಸಿಗುತ್ತದೆ.

ನಿಮ್ಮ ಮಾದರಿ ಕೋಡ್ ಅಪಾಯಕಾರಿ. ಪ್ರತಿ ಸಲ ಹಳೆಯ ಗಡುವಿಗೆ 1 ಮಿಲಿಸೆಕೆಂಡ್ ಕೂಡಿಸಿ ಟೈಮರನ್ನು ಮತ್ತೆ ಹಚ್ಚುತ್ತಿದ್ದೀರಿ. ಇಂಟರಪ್ಟ್ 10 ಮಿಲಿಸೆಕೆಂಡ್ ತಡವಾದರೆ ಹೊಸ ಗಡುವೂ ಮೀರಿದ್ದೇ ಆಗಿರುತ್ತದೆ, ಕಾಲ್‌ಬ್ಯಾಕ್ ಇಂಟರಪ್ಟ್ ಒಳಗೇ ಸುಮಾರು ಹತ್ತು ಸಲ ಬೆನ್ನುಬೆನ್ನಿಗೆ ಓಡುತ್ತದೆ. ಎಚ್‌ಆರ್‌ಟೈಮರ್_ಫಾರ್ವರ್ಡ್_ನೌ ಎಂಬ ಕರ್ನಲ್ ಫಂಕ್ಷನ್ ಬಳಸಿ. ಅದು ಗಡುವನ್ನು ಈ ಕ್ಷಣದಿಂದಾಚೆಗೆ ಸರಿಸಿ, ಎಷ್ಟು ಅವಧಿ ಮುಂದೆ ಸರಿಸಿತೆಂಬ ಲೆಕ್ಕ ಕೊಡುತ್ತದೆ. ಆ ಲೆಕ್ಕ 1ಕ್ಕಿಂತ ಹೆಚ್ಚಿದ್ದರೆ ಏನು ಮಾಡಬೇಕೆಂಬುದನ್ನೂ ಬರೆಯಿರಿ.

'ಜಿಫೀಸ್ > ಗಡುವು' ಎಂಬ ಹೋಲಿಕೆ ಬೇಡ, ಟೈಮ್_ಆಫ್ಟರ್ ಹಾಕಿ. ಜಿಫೀಸ್ ಎಂದರೆ ಟಿಕ್‌ಗಳನ್ನು ಎಣಿಸುವ ಕೌಂಟರ್. ಎಚ್‌ಜೆಡ್ (ಸೆಕೆಂಡಿಗೆ ಎಷ್ಟು ಟಿಕ್ ಎಂಬ ಸಂಖ್ಯೆ) 1000 ಇದ್ದರೆ 32 ಬಿಟ್ ಜಿಫೀಸ್ 49.7 ದಿನಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ, ಆಗ ನೇರ ಹೋಲಿಕೆ ತಪ್ಪುತ್ತದೆ. ಈ ದೋಷ ಬೇಗ ಕಣ್ಣಿಗೆ ಬೀಳಲೆಂದೇ ಬೂಟ್ ಆದ 5 ನಿಮಿಷಕ್ಕೆ ಅದು ಮೊದಲ ಸಲ ಸುತ್ತು ಮುಗಿಸುವಂತೆ ಕರ್ನಲ್ ಏರ್ಪಾಡು ಮಾಡಿದೆ. ತಿದ್ದಿದ ಕೋಡನ್ನು 32 ಬಿಟ್ ಕರ್ನಲ್‌ನಲ್ಲಿ ಆ 5 ನಿಮಿಷ ದಾಟುವವರೆಗೆ ಓಡಿಸಿ ನೋಡಿ, ಆಮೇಲೆ ಕಳಿಸಿ.

ಸಂಪಾದಕರು