ಬಸುರಿಗೆ ಯಾವ ಏಕಾದಶಿ?

ಇಂಗ್ಲೆಂಡಿಗೆ ಬಂದು ಎರಡು ತಿಂಗಳಾಯಿತು, ಈಗ ಐದು ತಿಂಗಳ ಬಸುರಿ, ಏಕಾದಶಿ ಬಿಡದೆ ಮಾಡಬಹುದಾ, ಹೆರಿಗೆಗೆ ಎಷ್ಟು ಖರ್ಚು, ಬಾಣಂತನದ ಸಾಮಾನು ಸಿಗುತ್ತಾ ಅಂತ ಕೇಳಿದ್ದೀರಿ. ಸಾಮಾನು ಸಿಗುತ್ತದೆ, ಅಂಟಿನುಂಡೆಗೆ ಹಾಕುವ ಅಂಟು ಕೂಡ. ವೀಸಾ ಜೊತೆ ಹೆಲ್ತ್ ಸರ್‌ಚಾರ್ಜ್ ಕಟ್ಟಿದ್ದರೆ ಹೆರಿಗೆಗೆ ಬೇರೆ ದುಡ್ಡಿಲ್ಲ. ಔಷಧಿಯೂ ಪುಕ್ಕಟೆ, ಅದರ ಅರ್ಜಿ ಮಿಡ್‌ವೈಫ್ ಹತ್ತಿರ, ಅಂದರೆ ಬಸುರಿಯರನ್ನೂ ಹೆರಿಗೆಯನ್ನೂ ನೋಡಿಕೊಳ್ಳುವವಳ ಹತ್ತಿರ, ಕೇಳಿ.

ಉಪವಾಸ ಮಾತ್ರ ಬೇಡ.

ನಾನು ಬಂದದ್ದು 2009ರಲ್ಲಿ, ನಿಮ್ಮ ಹಾಗೇ ಬಸುರಿ. ಏಳನೇ ತಿಂಗಳಲ್ಲಿ ಪ್ರಥಮ ಏಕಾದಶಿ ಬಂತು. ಊರಲ್ಲಿ ಎಲ್ಲರೂ ಮಠದಲ್ಲಿ ಮೈಮೇಲೆ ಶಂಖ-ಚಕ್ರದ ಮುದ್ರೆ ಹಾಕಿಸಿಕೊಳ್ಳುವ ದಿನ. ಇಲ್ಲಿ ನಾನು ಒಬ್ಬಳೇ. ಉಪವಾಸವಾದರೂ ಇದ್ದರೆ ಊರಲ್ಲಿದ್ದ ಹಾಗಾಗುತ್ತೆ ಅನ್ನಿಸಿತು, ನೀರೂ ಮುಟ್ಟಲಿಲ್ಲ. ಜುಲೈ ತಿಂಗಳು, ರಾತ್ರಿ ಒಂಬತ್ತಾದರೂ ಬೆಳಕು. ಅಷ್ಟೊತ್ತಿಗೆ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗುವುದು, ಬಿಡುವುದು. ಮಗು ಮಿಸುಕಾಡುವುದೂ ಕಮ್ಮಿಯಾಯಿತು.

ಆಸ್ಪತ್ರೆಯಲ್ಲಿ ಮಿಡ್‌ವೈಫ್ "ಇವತ್ತು ಏನು ತಿಂದಿರಿ?" ಅಂದಳು. "ಅನ್ನ, ಸಾರು" ಅಂದುಬಿಟ್ಟೆ. ನಮ್ಮವರ ಬಗ್ಗೆ ಏನಂದುಕೊಳ್ಳುತ್ತಾಳೋ ಅಂತ. ಮೂತ್ರದಲ್ಲಿ ಅದ್ದಿದ ಪಟ್ಟಿಯ ಒಂದು ಚೌಕ ಕಣ್ಣೆದುರೇ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಕೀಟೋನ್, ಹೊಟ್ಟೆಗೆ ಊಟವಿಲ್ಲದೆ ಮೈ ಕೊಬ್ಬು ಕರಗಿಸುವಾಗ ಬರುವ ಅಂಶ. ಊಟ ಮಾಡಿದ್ದಾಳೆ ಅಂತ ನಂಬಿ, ಬೇರೆ ಸೋಂಕೇನೋ ಅಂತ ಅವರು ಹುಡುಕುತ್ತಾ ಕೂತರು. ಡ್ರಿಪ್ ಹಾಕುವಷ್ಟರಲ್ಲಿ ನಡುರಾತ್ರಿ. ಬೆಳಗಿನ ಜಾವಕ್ಕೆ ಹೊಟ್ಟೆಯ ಬಿಗಿತ ಬಿಟ್ಟಿತು. ಮಗಳು ದಿನ ತುಂಬಿಯೇ ಹುಟ್ಟಿದಳು, ದೇವರು ದೊಡ್ಡವನು. ಆ ಸುಳ್ಳು ಮಾತ್ರ ಇನ್ನೂ ಚುಚ್ಚುತ್ತದೆ.

ಮಗು ಎಳೆದುಕೊಳ್ಳುತ್ತಾ ಇರುತ್ತದಲ್ವಾ, ಬಸುರಿಯ ರಕ್ತದಲ್ಲಿ ಸಕ್ಕರೆ ಬೇಗ ಇಳಿಯುತ್ತದೆ. ಆಗ ಮೈ ಕೊಬ್ಬು ಕರಗಿಸುತ್ತದೆ, ಕೀಟೋನ್ ಏರುತ್ತದೆ. ನೀರಿಲ್ಲದಿದ್ದರೆ ತಲೆಸುತ್ತು, ಉರಿಮೂತ್ರ, ಹೊಟ್ಟೆ ಬಿಗಿತ. ಇನ್ನೊಂದು: ನಮ್ಮ ಕಡೆಯವರಿಗೆ ಸಕ್ಕರೆ ಕಾಯಿಲೆ ಜಾಸ್ತಿ ಅಂತ 24ರಿಂದ 28 ವಾರದೊಳಗೆ ಗ್ಲೂಕೋಸ್ ಕುಡಿಸಿ ಪರೀಕ್ಷೆ ಮಾಡುತ್ತಾರೆ. ಅದನ್ನು ದ್ವಾದಶಿ ಬೆಳಿಗ್ಗೆ ಇಟ್ಟುಕೊಳ್ಳಬೇಡಿ. ಹಿಂದಿನ ಮೂರು ದಿನ ಎಂದಿನಂತೆ ಊಟ ಮಾಡಿರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪು ಬರಬಹುದು. ಮಗು ಮಿಸುಕುವುದು ಕಮ್ಮಿ ಅನ್ನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ. ಅವರು ಕೊಟ್ಟಿರುವ ಮೆಟರ್ನಿಟಿ ನಂಬರಿಗೆ ಆಗಲೇ ಫೋನ್ ಮಾಡಿ, ರಾತ್ರಿ ಎರಡಾದರೂ ಎತ್ತುತ್ತಾರೆ. ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳಿ.

ಅತ್ತೆ ಏನನ್ನುತ್ತಾರೋ ಅಂತ ಬರೆದಿದ್ದೀರಿ. ಒಮ್ಮೆ ಕೇಳಿಯೇ ನೋಡಿ. ನಾನು ನಮ್ಮಮ್ಮನಿಗೆ ಈ ವಿಷಯ ಹೇಳಿದ್ದು ಎಂಟು ವರ್ಷ ಆದ ಮೇಲೆ. ಸ್ವಲ್ಪ ಹೊತ್ತು ಫೋನಲ್ಲಿ ಮಾತೇ ಇಲ್ಲ. ಆಮೇಲೆ ಅಂದಳು, "ನೀನು ಹೊಟ್ಟೆಯಲ್ಲಿದ್ದಾಗ ಏಕಾದಶಿ ದಿನ ನಿಮ್ಮಜ್ಜಿಯೇ ನನಗೆ ಮೊಸರವಲಕ್ಕಿ ಕಲಸಿ ಕೊಟ್ಟಿದ್ದರು. ಬಸುರಿಗೆ ಯಾವ ಏಕಾದಶಿನೇ? ಒಂದು ಮಾತು ನನ್ನ ಕೇಳಬಾರದಿತ್ತಾ?"